ಕಪ್ಪು ಹಂಸ ಮತ್ತು ಕೋಲಾ: ಎರಡು ಅಪವಾದಗಳ ಕಥೆ

ಪ್ರಯೋಗಶಾಲೆಯಲ್ಲಿ ಒಂದು ಅಳತೆ ನಿಯಮಕ್ಕೆ ಹೊಂದಲಿಲ್ಲ ಎಂದಿಟ್ಟುಕೊಳ್ಳಿ. ತಿದ್ದಬೇಕಾದದ್ದು ಏನನ್ನು? ಅಳತೆಯನ್ನೇ, ನಿಯಮವನ್ನೇ, ಅಥವಾ ನಿಯಮ ನಿಂತಿರುವ ತಳಹದಿಯನ್ನೇ? ಆಸ್ಟ್ರೇಲಿಯದ ಎರಡು ಜೀವಿಗಳ ಚರಿತ್ರೆ ಈ ಪ್ರಶ್ನೆಗೆ ಒಳ್ಳೆಯ ಪಾಠ.

ಮೊದಲನೆಯದು ಕಪ್ಪು ಹಂಸ. ಹಂಸವೆಂದರೆ ಬಿಳಿ ಎಂಬುದು ಯೂರೋಪಿನಲ್ಲಿ ಶತಮಾನಗಳ ಕಾಲ ಪ್ರಶ್ನಾತೀತವಾಗಿತ್ತು. ಅತಿ ವಿರಳವಾದುದನ್ನು ಹೇಳಲು ರೋಮನ್ ಕವಿ ಜುವೆನಾಲ್ ಬಳಸಿದ ಹೋಲಿಕೆಯೇ ಕಪ್ಪು ಹಂಸ. 1697ರಲ್ಲಿ ಡಚ್ ನಾವಿಕ ವಿಲೆಮ್ ದ ವ್ಲಾಮಿಂಗ್‌ನ ತಂಡ ಪಶ್ಚಿಮ ಆಸ್ಟ್ರೇಲಿಯದ ನದಿಯೊಂದರಲ್ಲಿ ಅಂತಹ ಹಂಸಗಳನ್ನೇ ಕಂಡಿತು. ಇಂದಿಗೂ ಅದು ಸ್ವಾನ್ ನದಿ.

ಎರಡನೆಯದು ಮರವಾಸಿ ಕೋಲಾ. ಯೂರೋಪಿಯನ್ನರ ದಾಖಲೆಯಲ್ಲಿ ಇದು ಮೊದಲು ಕಾಣಿಸಿಕೊಂಡದ್ದು 1798ರಲ್ಲಿ. ಆಸ್ಟ್ರೇಲಿಯದ ಮೂಲನಿವಾಸಿಗಳಿಗಾದರೋ ಎರಡೂ ಚಿರಪರಿಚಿತ. ಅಪವಾದ ಎಂಬುದು ಪ್ರಾಣಿಯ ಗುಣವಲ್ಲ. ನೋಡುವವನ ಹಿಂದಿನ ಅನುಭವಕ್ಕೆ ಸಂಬಂಧಿಸಿದ್ದು.

ಕಪ್ಪು ಹಂಸದ ಉದ್ದನೆಯ ಕತ್ತು, ಜಾಲಪಾದ, ಗೂಡು ಕಟ್ಟುವ ಕ್ರಮ ಎಲ್ಲವೂ ಹಂಸದವೇ. 1790ರಲ್ಲಿ ಜಾನ್ ಲೇಥಮ್ ಅದಕ್ಕೆ ವೈಜ್ಞಾನಿಕ ಹೆಸರಿಟ್ಟಾಗ ಹೊಸ ವರ್ಗವೇನೂ ಬೇಕಾಗಲಿಲ್ಲ. ಬಿದ್ದುಹೋದದ್ದು 'ಎಲ್ಲ ಹಂಸಗಳೂ ಬಿಳಿ' ಎಂಬ ವಾಕ್ಯ ಮಾತ್ರ. 'ಹಂಸ' ಎಂಬ ಕಲ್ಪನೆ ಉಳಿಯಿತು.

ಕೋಲಾದ ವಿಷಯ ಹಾಗಲ್ಲ. ನೋಟಕ್ಕೆ ಅದು ಪುಟ್ಟ ಕರಡಿ. ಆದರೆ ಅದರ ಗರ್ಭಾವಧಿ ಸುಮಾರು 35 ದಿನ. ಹುಟ್ಟುವಾಗ ಮರಿಯ ತೂಕ 1 ಗ್ರಾಮಿಗಿಂತ ಕಡಿಮೆ. ಮುಂದಿನ ಸುಮಾರು 6 ತಿಂಗಳ ಬೆಳವಣಿಗೆ ತಾಯಿಯ ಹೊಟ್ಟೆಚೀಲದಲ್ಲಿ. ಇಂತಹ ಸಸ್ತನಿಗಳನ್ನು ಎಲ್ಲಿ ಸೇರಿಸುವುದು? ಅಮೆರಿಕದ ಒಪಾಸಮ್ ಕೂಡ ಹೊಟ್ಟೆಚೀಲದ ಪ್ರಾಣಿಯೇ. ಲಿನೇಯಸ್ 1758ರಲ್ಲಿ ಅದನ್ನು ಹಂದಿ, ಮುಳ್ಳುಹಂದಿಯಂತಹ ಹೆಡ್ಜ್‌ಹಾಗ್, ಮೂಗಿಲಿಗಳ ಗುಂಪಿಗೆ ಸೇರಿಸಿದ್ದ! ಫ್ರಾನ್ಸಿನ ಬ್ಲೇನ್‌ವಿಲ್ 1816ರಲ್ಲಿ ಸಂತಾನೋತ್ಪತ್ತಿಯ ಅಂಗಗಳನ್ನು ಆಧಾರವಾಗಿಟ್ಟುಕೊಂಡು ಇವುಗಳನ್ನು ಇತರ ಸಸ್ತನಿಗಳಿಂದ ಬೇರ್ಪಡಿಸಿದ. ವರ್ಗೀಕರಣದ ಚೌಕಟ್ಟನ್ನೇ ಬದಲಿಸಬೇಕಾಯಿತು. ತಮಾಷೆಯೆಂದರೆ, ಅದೇ ವರ್ಷ ಕೋಲಾಕ್ಕೆ ಅವನೇ ಇಟ್ಟ ಹೆಸರು ಫ್ಯಾಸ್ಕೊಲಾರ್ಕ್ಟಸ್, ಅಂದರೆ 'ಚೀಲದ ಕರಡಿ'. ಚೌಕಟ್ಟು ಬದಲಾದರೂ ಹಳೆಯ ಹೋಲಿಕೆ ಹೆಸರಿನಲ್ಲಿ ಉಳಿದುಕೊಂಡಿತು. ಕೋಲಾದ ಹತ್ತಿರದ ಬಂಧು ಕರಡಿಯಲ್ಲ, ವೊಂಬ್ಯಾಟ್.

ಭೌತವಿಜ್ಞಾನದಲ್ಲೂ ಇಂತಹ ಜೋಡಿಯಿದೆ. ಯುರೇನಸ್ ಗ್ರಹ ಲೆಕ್ಕ ತಪ್ಪಿ ಚಲಿಸಿದಾಗ ಲವೆರಿಯೇ ಇನ್ನೊಂದು ಗ್ರಹವಿರಬೇಕೆಂದು ಗಣಿಸಿದ. 1846ರಲ್ಲಿ ನೆಪ್ಚೂನ್ ಸಿಕ್ಕಿತು. ನ್ಯೂಟನ್ನನ ನಿಯಮ ಕದಲಲಿಲ್ಲ. ಬುಧನ ಕಕ್ಷೆಯ ವ್ಯತ್ಯಾಸಕ್ಕೂ 1859ರಲ್ಲಿ ಅವನು ಅದೇ ಮದ್ದನ್ನು ಸೂಚಿಸಿದ. ಆದರೆ ಅಂತಹ ಗ್ರಹ ಸಿಗಲೇ ಇಲ್ಲ. ಉತ್ತರ ದೊರೆತದ್ದು 1915ರಲ್ಲಿ, ಐನ್‌ಸ್ಟೈನನ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಿಂದ. ಅದೇ ವಿಜ್ಞಾನಿ, ಅದೇ ವಿಧಾನ. ಒಮ್ಮೆ ಗೆಲುವು, ಒಮ್ಮೆ ಸೋಲು.

ಒಂದೇ ಒಂದು ಕಪ್ಪು ಹಂಸ ಸಾರ್ವತ್ರಿಕ ಹೇಳಿಕೆಯನ್ನು ಸುಳ್ಳಾಗಿಸಬಲ್ಲದು ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಅದು ಸರಿ. ಆದರೆ ಸುಳ್ಳಾದದ್ದು ಎಷ್ಟು ಆಳದವರೆಗೆ ಎಂಬುದನ್ನು ಅಪವಾದ ತಾನೇ ಹೇಳುವುದಿಲ್ಲ. ಅದನ್ನು ತಿಳಿಯಲು ಬಣ್ಣ, ಆಕಾರಗಳನ್ನು ದಾಟಿ ಒಳಗಿನ ರಚನೆಯನ್ನು ಪರೀಕ್ಷಿಸಬೇಕು. ಆದ್ದರಿಂದ ವಿದ್ಯಾರ್ಥಿಯೊಬ್ಬ ಹೊಂದದ ಅಳತೆಯನ್ನು ತಂದಾಗ ಅದನ್ನು ಅಳಿಸಲು ಹೇಳಬೇಡಿ. ಮತ್ತೆ ಅಳೆಯಲು ಹೇಳಿ. ಆಗಲೂ ಅದು ಉಳಿದರೆ, ಅದು ಹಂಸವೋ ಕೋಲಾವೋ ಎಂದು ಅವನೊಂದಿಗೆ ಕುಳಿತು ನೋಡಿ.