ಚಕ್ಕಡಿಯ ಗುಂಬದಿಂದ ಕಾರಿನ ಗಾಲಿಯವರೆಗೆ

ನಾನು ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದುದು 1950ರ ದಶಕದ ಕೊನೆಯಲ್ಲಿ. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನಗೊಂಡು, 1956ರಲ್ಲಿ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತ್ತು. ಅದೇ 1956ರಲ್ಲಿ ತೂಕ ಮತ್ತು ಅಳತೆಗಳ ಹೊಸ ಕಾಯ್ದೆಯೂ ಬಂದಿತು. ಶಾಲೆಯೊಳಗೆ ಮಾಸ್ತರರು ಮೀಟರು, ಸೆಂಟಿಮೀಟರು ಕಲಿಸುತ್ತಿದ್ದರೆ, ಶಾಲೆಯ ಹಿಂದೆ ಬಡಿಗರ ಅಂಗಳದಲ್ಲಿ ಗೇಣು, ಮೊಳ, ಅಂಗುಲಗಳ ಆಳ್ವಿಕೆಯೇ ಮುಂದುವರಿದಿತ್ತು. ಬಿಡುವಿನ ವೇಳೆಯಲ್ಲಿ ನಾವು ಹುಡುಗರು ಅಲ್ಲಿಗೇ ಓಡುತ್ತಿದ್ದೆವು.

ಚಕ್ಕಡಿಯ ಗಾಲಿ ಸಿದ್ಧವಾಗುವುದು ಒಳಗಿನಿಂದ ಹೊರಗೆ. ಮೊದಲು ಜಾಲಿಮರದ ಗುಂಬ. ಅದರ ನಡುವೆ ಅಚ್ಚು ತೂರುವ ರಂಧ್ರ. ಆಮೇಲೆ ಗುಂಬಕ್ಕೆ ಅರೆಕಾಲುಗಳು, ಅರೆಕಾಲುಗಳ ತುದಿಗೆ ದುಂಡು ಬಳೆಯಾಗುವ ಮರದ ತುಂಡುಗಳು, ಕಟ್ಟಕಡೆಗೆ ಕಬ್ಬಿಣದ ಹಳಿ. ಬಡಿಗರು ಹೆಚ್ಚು ಹೊತ್ತು ಕಳೆಯುತ್ತಿದ್ದುದು ಆ ನಡುವಿನ ರಂಧ್ರದ ಮೇಲೆ. ಅದು ಬಿಗಿಯಾದರೆ ಎತ್ತು ಬಳಲುತ್ತದೆ. ಸಡಿಲವಾದರೆ ಗಾಲಿ ಓಲಾಡಿ ಕಡೆಗೀಲನ್ನು ತಿಂದುಹಾಕುತ್ತದೆ. ಒಂದು ಚಕ್ಕಡಿಗೆ ಮಾಡಿದ ಗಾಲಿಯನ್ನು ಇನ್ನೊಂದಕ್ಕೆ ಹಾಕುವ ಮಾತೇ ಇರಲಿಲ್ಲ. ಆ ಗಾಲಿಯನ್ನು ಕಡೆದದ್ದೇ ಆ ಅಚ್ಚಿಗಾಗಿ.

ಹಳಿ ಕಟ್ಟುವ ದಿನವಂತೂ ನಮಗೆ ಹಬ್ಬ. ಹಳಿಯ ಸುತ್ತಳತೆ ಗಾಲಿಗಿಂತ ತುಸು ಕಡಿಮೆ ಇರಬೇಕು. ಕುಳ್ಳಿನ ಬೆಂಕಿಯಲ್ಲಿ ಅದನ್ನು ಕೆಂಪಗೆ ಕಾಯಿಸಿ, ಇಕ್ಕಳಗಳಲ್ಲಿ ಹಿಡಿದು ಗಾಲಿಗೆ ತೊಡಿಸಿ, ಮೇಲೆ ನೀರು ಸುರಿಯುತ್ತಿದ್ದರು. ಐದು ಅಡಿ ವ್ಯಾಸದ ಹಳಿ ಐನೂರು ಡಿಗ್ರಿಯಷ್ಟು ಕಾದರೆ ಅದರ ಸುತ್ತಳತೆ ಒಂದು ಅಂಗುಲಕ್ಕೂ ತುಸು ಹೆಚ್ಚೇ ಹಿಗ್ಗುತ್ತದೆ. ಮುಂದೆ ಮಾಸ್ತರನಾಗಿ ಉಷ್ಣವ್ಯಾಕೋಚನದ ಪಾಠ ಹೇಳುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಪುಸ್ತಕದ ಗುಂಡು-ಬಳೆಯ ಚಿತ್ರವಲ್ಲ, ಆ ಹಬೆ.

ಎರಡು ಗಾಲಿಗಳ ನಡುವಿನ ಅಂತರಕ್ಕೂ ಕಟ್ಟುನಿಟ್ಟಿತ್ತು. ಎರಿ ನೆಲದಲ್ಲಿ ಮಳೆಗಾಲದ ಜಾಡು ಒಣಗಿದರೆ ಕಲ್ಲಿನಂತಾಗುತ್ತದೆ; ಅಂತರ ಬೇರೆಯಾದ ಚಕ್ಕಡಿ ಆ ಜಾಡಿನಲ್ಲಿ ನಡೆಯಲಾರದು. ಇದು ನಮ್ಮ ಸೀಮೆಯ ಕಷ್ಟ ಮಾತ್ರವಲ್ಲ. 1908ರಲ್ಲಿ ಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನ ಗಾಲಿಗಳ ಅಂತರ 56 ಅಂಗುಲ. ಆದರೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಂಡಿಜಾಡು ಅಗಲವಾಗಿದ್ದುದರಿಂದ, ಅಲ್ಲಿಗಾಗಿ ಕಂಪನಿ 60 ಅಂಗುಲದ ಕಾರನ್ನೂ ಮಾಡಿ ಮಾರಿತು. ಆ ಕಾರಿನ ಗಾಲಿಗೂ ಮರದ ಅರೆಕಾಲುಗಳೇ ಇದ್ದವು ಎಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ.

ಗಾಳಿ ತುಂಬಿದ ಟೈರಿಗೆ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದರೂ ಅದು ಮೂಲೆಗೆ ಬಿದ್ದಿತ್ತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಮತ್ತೆ ಅದನ್ನು ಕಂಡುಕೊಂಡ. ಮುಂದೆ ಅವನ ಹೆಸರಿನ ಕಂಪನಿ ಎತ್ತಿನ ಗಾಡಿಗೂ ಟೈರು ಮಾಡಿತು. ಹಲವೆಡೆ ರಬ್ಬರ್ ಗಾಲಿಯ ಗಾಡಿಗೆ ‘ಡನ್ಲಪ್ ಗಾಡಿ’ ಎಂದೇ ಹೆಸರಾಯಿತು. ನಮ್ಮಲ್ಲಿ ಕೃಷ್ಣೆ, ಘಟಪ್ರಭೆಯರ ನೀರು ಹೊಲಕ್ಕೆ ಹರಿದು, 1989ರಲ್ಲಿ ರೈತರೇ ಚಿಕ್ಕಪಡಸಲಗಿ ಬ್ಯಾರೇಜನ್ನು ಕಟ್ಟಿಕೊಂಡು ಕಬ್ಬು ಹೆಚ್ಚಿದಂತೆ, ಮರದ ಗಾಲಿ ಹೊರಲಾರದ ಭಾರ ರಸ್ತೆಗಿಳಿಯಿತು. ಟೈರುಗಾಡಿ ಬಂತು, ಹಿಂದೆಯೇ ಟ್ರ್ಯಾಕ್ಟರು ಬಂತು. ಬಡಿಗರ ಅಂಗಳದಲ್ಲಿ ಕೊನೆಯ ಗಾಲಿ ಎಂದು ಸಿದ್ಧವಾಯಿತೋ ಯಾರೂ ಬರೆದಿಟ್ಟಿಲ್ಲ.

ಅಂದಿನಿಂದ ಗಾಲಿ ಅಂಗಡಿಯ ಸರಕು. ಯಾವ ಗಾಲಿ ಯಾವ ಅಚ್ಚಿಗೆ ಎಂಬ ತಿಳಿವಳಿಕೆ ಬಡಿಗನ ಕೈಯಿಂದ ಅಂಕಿಗಳಿಗೆ ವರ್ಗವಾಯಿತು. ಅಂಕಿಗಳನ್ನು ಓದುವವರು ಮಾತ್ರ ಕಡಿಮೆ.

ಇದು ನನಗೆ ಮನದಟ್ಟಾದದ್ದು ಕೆಲವು ವರ್ಷಗಳ ಹಿಂದೆ. ಬನಹಟ್ಟಿಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಸ್ವಿಫ್ಟ್ ಕಾರಿಗೆ ಹೊಳೆಯುವ ಅಲಾಯ್ ಗಾಲಿಗಳನ್ನು ಹಾಕಿಸಿದ್ದ. ಹಳೆಯವನ್ನು ಅಂಗಡಿಗೇ ಕೊಟ್ಟುಬಿಟ್ಟಿದ್ದ. ಬೀಳಗಿಯಲ್ಲಿ ಮದುವೆ. ಅವನ ಹೆಂಡತಿ, ಇಬ್ಬರು ಮಕ್ಕಳು, ನಾನು. ವೇಗ ಏರಿದಂತೆ ಸ್ಟೇರಿಂಗ್ ನಡುಗತೊಡಗಿತು. ತಗ್ಗು ಬಂದಾಗಲೆಲ್ಲ ಹಿಂದಿನಿಂದ ಕರಕರ ಸದ್ದು. ಜಮಖಂಡಿ ದಾಟುವ ಮುನ್ನ ರಬ್ಬರು ಸುಟ್ಟ ವಾಸನೆ ಬಂದು, ಪಂಕ್ಚರ್ ಅಂಗಡಿಯೊಂದರ ಮುಂದೆ ನಿಂತೆವು. ಟೈರಿನ ಪಕ್ಕದ ಗೋಡೆ ಸವೆದು ಒಳಗಿನ ನೂಲು ಕಾಣುತ್ತಿತ್ತು. ಮಕ್ಕಳು ಕುಳಿತಿದ್ದುದು ಅದೇ ಬದಿಗೆ.

“ನಟ್ಟು ನಾಕೂ ಬರೋಬ್ಬರಿ ಕುಂತಾವ್ರಿ ಸರ್, ಮತ್ತೇನ ನೋಡಬೇಕಿತ್ತ್ರಿ?” ಎಂದು ಅವನು ಕೇಳಿದ. ನಾನೂ ಅಂದು ಉತ್ತರ ಹೇಳಲಾರೆನಾಗಿದ್ದೆ. ಉತ್ತರ ತೋರಿಸಿದವನು ಆ ಅಂಗಡಿಯ ಹುಡುಗ.

ಮೊದಲನೆಯದು ನಟ್ಟುಗಳು ಕೂರುವ ವೃತ್ತದ ವ್ಯಾಸ. ಪಿ.ಸಿ.ಡಿ. ಎನ್ನುತ್ತಾರೆ. ಸ್ವಿಫ್ಟಿಗೆ 4×100, ಎಂದರೆ 100 ಮಿ.ಮೀ. ವೃತ್ತದಲ್ಲಿ ನಾಲ್ಕು ನಟ್ಟು. ಫಿಯೆಟ್ ಪುಂಟೊಗೆ 4×98. ಎರಡೇ ಮಿಲಿಮೀಟರಿನ ವ್ಯತ್ಯಾಸ, ಒತ್ತಿ ತಿರುವಿದರೆ ಕೂತಂತೆ ಕಾಣುತ್ತದೆ, ಆದರೆ ಕೂರುವುದಿಲ್ಲ. ಹಲವು ಕಾರುಗಳ 114.3 ಎಂಬ ವಿಚಿತ್ರ ಸಂಖ್ಯೆ ವೇಷ ಮರೆಸಿಕೊಂಡ ನಾಲ್ಕೂವರೆ ಅಂಗುಲವೇ. ನಮ್ಮ ಸರ್ಕಾರ ಅಂಗುಲವನ್ನು ಕೈಬಿಟ್ಟರೂ ಗಾಲಿ ಕೈಬಿಡಲಿಲ್ಲ! ಟೈರಿನ ಮೇಲಿನ 185/65 ಆರ್ 15 ಎಂಬುದರಲ್ಲಿ ಅಗಲ ಮಿಲಿಮೀಟರಿನಲ್ಲಿ, ಗೋಡೆಯ ಎತ್ತರ ಆ ಅಗಲದ ಶೇಕಡಾ ಲೆಕ್ಕದಲ್ಲಿ, ರಿಮ್ಮಿನ ವ್ಯಾಸ ಅಂಗುಲದಲ್ಲಿ. ಮಿಶೆಲಿನ್ ಕಂಪನಿ 1975ರಲ್ಲಿ ರಿಮ್ಮನ್ನೂ ಮಿಲಿಮೀಟರಿಗೆ ತರಲು ಹೊರಟು ಸೋತಿತು.

ನಮ್ಮ ವಿದ್ಯಾರ್ಥಿಯ ಹೊಸ ಟೈರು 205/55 ಆರ್ 16. ಒಟ್ಟು ವ್ಯಾಸ ಗುಣಿಸಿದರೆ ಹಳೆಯದು 621.5 ಮಿ.ಮೀ., ಹೊಸದು 631.9. ಎತ್ತರದಲ್ಲಿ ದೊಡ್ಡ ತಪ್ಪೇನಿರಲಿಲ್ಲ. ತಪ್ಪಿದ್ದುದು ಆಫ್‌ಸೆಟ್ಟಿನಲ್ಲಿ. ರಿಮ್ಮಿನ ಅಗಲದ ನಟ್ಟನಡುವಿನ ಗೆರೆಗೂ ಅದು ಅಚ್ಚಿನ ಮುಖಕ್ಕೆ ತಾಗುವ ಜಾಗಕ್ಕೂ ಇರುವ ದೂರವೇ ಆಫ್‌ಸೆಟ್ಟು. ಗಾಲಿಯ ಹಿಂಬದಿಯಲ್ಲಿ ಇ.ಟಿ. ಎಂದು ಅಚ್ಚಾಗಿರುತ್ತದೆ. ಹೊಸ ಗಾಲಿಯಲ್ಲಿ ಅದು 20 ಮಿ.ಮೀ. ಕಡಿಮೆಯಿದ್ದುದರಿಂದ ಗಾಲಿ ಅಷ್ಟು ಹೊರಗೆ ಸರಿದಿತ್ತು. ಟೈರಿನ ಹೆಚ್ಚಿದ ಅಗಲದ ಅರ್ಧ, 10 ಮಿ.ಮೀ., ಅದಕ್ಕೆ ಸೇರಿತು. ಐದು ಜನರ ಭಾರಕ್ಕೆ ಕಾರು ಕುಸಿದಾಗ ಮಡ್‌ಗಾರ್ಡಿನ ಅಂಚು ಟೈರನ್ನು ಕೊಯ್ಯುತ್ತಿತ್ತು.

ಇನ್ನು ಆ ನಡುಕ. ಹುಡುಗ ಗಾಲಿ ಬಿಚ್ಚಿ ನಡುವಿನ ರಂಧ್ರವನ್ನು ತೋರಿಸಿದ. ಅಚ್ಚಿನ ಗುಬುಟು 54.1 ಮಿ.ಮೀ., ರಂಧ್ರ 73.1. ನಾನಾ ಕಾರುಗಳಿಗೆ ಹೊಂದಲೆಂದು ಇಂಥ ಗಾಲಿಗಳ ರಂಧ್ರವನ್ನು ದೊಡ್ಡದಾಗಿಯೇ ಕೊರೆದಿರುತ್ತಾರೆ. ಸಂದಿಯನ್ನು ತುಂಬಲು ಒಂದು ಬಳೆ ಹಾಕಬೇಕು. ಹಾಕಿದವರು ಅದನ್ನು ಬಿಟ್ಟಿದ್ದರು. ಗಾಲಿ ನಟ್ಟ ನಡುವೆ ಕೂರದೆ ನಾಲ್ಕು ನಟ್ಟುಗಳ ಹಿಡಿತದಲ್ಲಷ್ಟೇ ನಿಂತಿತ್ತು. ಆ ಸಂದಿಯಲ್ಲಿ ನನ್ನ ಕಿರುಬೆರಳ ತುದಿ ಹೊಕ್ಕಿತು. ಶಾಲೆಯ ಹಿಂದಿನ ಬಡಿಗರು ಗುಂಬದ ರಂಧ್ರದಲ್ಲಿ ಬೆರಳಾಡಿಸುತ್ತಿದ್ದುದು ನೆನಪಾಗಿ ಅಲ್ಲಿಯೇ ಕಟ್ಟೆಯ ಮೇಲೆ ಕುಳಿತೆ.

ಕಾರನ್ನು ಅಲ್ಲಿಯೇ ಬಿಟ್ಟು ಬಸ್ಸು ಹಿಡಿದೆವು. ಬೀಳಗಿ ಮುಟ್ಟುವಷ್ಟರಲ್ಲಿ ಅಕ್ಕಿಕಾಳು ಬಿದ್ದು ಊಟದ ಪಂಕ್ತಿ ಎದ್ದಿತ್ತು. ಹದಿನೈದು ದಿನದ ಮೇಲೆ ಅವನ ಫೋನು: “ಸರ್, ಹಳೇ ನಮೂನಿ ಗಾಲಿ ಸಿಕ್ಕಾವ್ರಿ. ಹಿಂದ ಬರದದ್ದ ಓದತೀನಿ, ಬರ್ಕೊಳ್ರಿ.” ನಾನು ಪೆನ್ನು ಹುಡುಕಿದೆ.