ಹನ್ನೆರಡು ಮನೆಗಳ ಲೆಕ್ಕ

ಪೀಣ್ಯದ ಕಾರ್ಖಾನೆಗಳ ಆಚೆ, ದಾಸರಹಳ್ಳಿ ಕಡೆಯ ಬಡಾವಣೆಗಳಲ್ಲಿ, ಸಂಜೆ ಹೊತ್ತು ಮಕ್ಕಳು ಕೀಬೋರ್ಡ್ ಮುಂದೆ ಕುಳಿತು ಸರಿಗಮ ಒತ್ತುವುದು ಅಪರೂಪದ ದೃಶ್ಯವೇನಲ್ಲ. ಒಂದು ಸ್ಥಾಯಿಯಲ್ಲಿ ಬಿಳಿ ಮನೆ ಏಳು, ಕರಿ ಮನೆ ಐದು, ಒಟ್ಟು ಹನ್ನೆರಡು. ಈ ಲೆಕ್ಕ ಹಾರ್ಮೋನಿಯಂ ಜತೆಗೆ ಹಡಗಿನಲ್ಲಿ ಬಂದದ್ದು ಎಂದು ನಂಬಿದವರು ನಮ್ಮಲ್ಲಿ ಅನೇಕರು. ಆದರೆ ಅದಕ್ಕೂ ಸುಮಾರು ಮುನ್ನೂರು ವರ್ಷ ಮೊದಲೇ ವಿಜಯನಗರದ ವಿದ್ವಾಂಸನೊಬ್ಬ ವೀಣೆಯ ಮೇಲೆ ಇದೇ ಲೆಕ್ಕವನ್ನು ಕೂರಿಸಿ, ಹಾಗೇಕೆ ಎಂಬುದನ್ನೂ ಬರೆದಿಟ್ಟಿದ್ದ.

ಆತ ರಾಮಾಮಾತ್ಯ. 'ಸಂಗೀತ ರತ್ನಾಕರ'ಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥನ ವಂಶದವನು. ಅಳಿಯ ರಾಮರಾಯನ ಅಪೇಕ್ಷೆಯಂತೆ 1550ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಗ್ರಂಥ 'ಸ್ವರಮೇಳಕಲಾನಿಧಿ'. ಐದು ಪ್ರಕರಣಗಳ ಪುಟ್ಟ ಪುಸ್ತಕ. ಶಾಸ್ತ್ರ ಒಂದು ಹೇಳುತ್ತಿತ್ತು, ಹಾಡುವವರು ಇನ್ನೊಂದು ಮಾಡುತ್ತಿದ್ದರು. ಈ ಗೊಂದಲ ಬಿಡಿಸುವುದೇ ಅದರ ಉದ್ದೇಶ.

ಮೂರನೆಯದಾದ ವೀಣಾ ಪ್ರಕರಣವೇ ಇದರ ಜೀವಾಳ. ವೀಣೆಯ ಮೆಟ್ಟಿಲು ಒಂದೇ ತಂತಿಯ ಸ್ವತ್ತಲ್ಲ. ನಾಲ್ಕೂ ತಂತಿಗಳ ಅಡಿಯಲ್ಲಿ ಅಡ್ಡಲಾಗಿ ಕೂತಿರುತ್ತದೆ. ಒಂದನ್ನು ಸರಿಸಿದರೆ ನಾಲ್ಕೂ ಕಡೆ ಸ್ವರ ಕದಲುತ್ತದೆ. ರಾಗಕ್ಕೆ ತಕ್ಕಂತೆ ಮೆಟ್ಟಿಲು ಹೊಂದಿಸಿಕೊಳ್ಳುವ ವೀಣೆಯೂ ಇತ್ತು, ಎಲ್ಲ ರಾಗಗಳಿಗೂ ಒಂದೇ ಜೋಡಣೆಯ ವೀಣೆಯೂ ಇತ್ತು. ಎರಡನೆಯದೇ ಕಷ್ಟದ್ದು. ರಾಮಾಮಾತ್ಯನ ಪ್ರಕಾರ ಸ್ವರಗಳು ಹದಿನಾಲ್ಕು: ಏಳು ಶುದ್ಧ, ಏಳು ವಿಕೃತ. ಆದರೆ ಷಡ್ಜದ ತಂತಿಯ ಕೆಳಗೆ ಆರು ಮೆಟ್ಟಿಲು, ಅವೇ ಮೆಟ್ಟಿಲುಗಳ ಮೇಲೆ ಪಂಚಮದ ತಂತಿಯಲ್ಲಿ ಸಿಗುವ ಹೊಸ ಸ್ವರ ನಾಲ್ಕು, ಜತೆಗೆ ಬಿಟ್ಟ ತಂತಿಗಳ ಸ-ಪ ಎರಡು. ಕೂಡಿಸಿದರೆ ಹನ್ನೆರಡೇ. ಉಳಿದವು ಅಂತರ ಗಾಂಧಾರ, ಕಾಕಲಿ ನಿಷಾದ. ಇವಕ್ಕೆ ಬೇರೆ ಮೆಟ್ಟಿಲು ಹಾಕಿದರೆ ಬೆರಳಿಗೆ ಜಾಗವಿರದು. ಆದ್ದರಿಂದ ಹತ್ತಿರದ ಸ್ವರವೇ ಇವುಗಳ 'ಪ್ರತಿನಿಧಿ'ಯಾಗಲಿ ಎಂದ. ಹೀಗೆ ಆತ ಹೇಳಿದ್ದ ಇಪ್ಪತ್ತು ಮೇಳಗಳು ಹದಿನೈದಕ್ಕೆ ಇಳಿದವು.

ಶಾಸ್ತ್ರಕ್ಕಿಂತ ಬೆರಳನ್ನು ನಂಬಿದ ಈ ಧೈರ್ಯ ನನಗಂತೂ ಮೆಚ್ಚುಗೆ. ಎಲ್ಲರಿಗೂ ಹಾಗೆನಿಸಲಿಲ್ಲ. ನೂರು ವರ್ಷಗಳ ಬಳಿಕ ತಂಜಾವೂರಿನಲ್ಲಿ 'ಚತುರ್ದಂಡೀ ಪ್ರಕಾಶಿಕೆ' ಬರೆದ ವೆಂಕಟಮಖಿ ರಾಮಾಮಾತ್ಯನನ್ನು ಕಟುವಾಗಿಯೇ ಖಂಡಿಸಿದ. (ಈತನೂ ಕನ್ನಡ ಮೂಲದ ಮನೆತನದವನು, ಗೋವಿಂದ ದೀಕ್ಷಿತರ ಮಗ.) ತಮಾಷೆಯೆಂದರೆ, ವೆಂಕಟಮಖಿಯ ಎಪ್ಪತ್ತೆರಡು ಮೇಳಗಳು ನಿಂತಿರುವುದೂ ಹನ್ನೆರಡು ಸ್ವರಸ್ಥಾನಗಳ ಮೇಲೆಯೇ.

ಗ್ರಂಥ ಮುಗಿದ ಹದಿನೈದೇ ವರ್ಷಕ್ಕೆ, 1565ರಲ್ಲಿ, ರಾಮರಾಯ ರಕ್ಕಸತಂಗಡಿ ಕಾಳಗದಲ್ಲಿ ಮಡಿದ, ವಿಜಯನಗರ ಹಾಳಾಯಿತು. ಅದೇ ವರ್ಷ ದೂರದ ಸ್ಪೇನಿನ ವಲ್ಲಾಡೊಲಿಡ್‌ನಲ್ಲಿ ತೊಮಾಸ್ ದೆ ಸಾಂತಾ ಮರಿಯಾ ಎಂಬ ಪಾದ್ರಿಯ, ಕೀಲಿಮಣೆ ವಾದ್ಯ ನುಡಿಸುವ ಕಲೆ ಕುರಿತ ಗ್ರಂಥ ಅಚ್ಚಾಯಿತು. ಅವರದು ಅಚ್ಚಿಗೆ ಹೋಯಿತು, ನಮ್ಮದು ಓಲೆಯಲ್ಲಿ ಉಳಿಯಿತು. ಎಂ.ಎಸ್. ರಾಮಸ್ವಾಮಿ ಅಯ್ಯರ್ ಸಂಪಾದಿಸಿ, ಅಣ್ಣಾಮಲೈ ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿದ್ದು 1932ರಲ್ಲಿ.

ಹಾಗಾದರೆ ಹಾರ್ಮೋನಿಯಂ ಮೇಲೇಕೆ ಅಷ್ಟು ಸಿಟ್ಟು? 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ವೀಣೆಯಲ್ಲಿ ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತರಬಹುದು; ಬಿಟ್ಟುಹೋದ ಸ್ವರದ ಛಾಯೆ ಅಲ್ಲಿ ಸಿಗುತ್ತದೆ. ಹಾರ್ಮೋನಿಯಂನ ಮನೆ ಎಳೆದರೆ ಬಾಗದು. ಈಗಿನ ಹಲವು ಕೀಬೋರ್ಡುಗಳ ಎಡಬದಿಯಲ್ಲಿ ಸ್ವರ ಬಾಗಿಸುವ ಪುಟ್ಟ ಚಕ್ರವಿರುತ್ತದೆ. ಕರ್ನಾಟಕ ಸಂಗೀತ ನುಡಿಸುವವರು ಗಮಕಕ್ಕೆ ಬಳಸುವುದು ಅದನ್ನೇ.