ಸಂಗಾತಿ ನಕ್ಷತ್ರ ಮತ್ತು ಗ್ರಹಶೋಧದ ಇತಿಹಾಸ

ಸೌರವ್ಯೂಹದಾಚೆಯ ಗ್ರಹಗಳ ಶೋಧವನ್ನು 1990ರ ದಶಕದಿಂದ ಆರಂಭಿಸಿ ವಿವರಿಸುವುದು ರೂಢಿ. ಆದರೆ ಆ ಇತಿಹಾಸದ ಒಂದು ಪೂರ್ವಾಧ್ಯಾಯ ಮದರಾಸಿನಲ್ಲಿ ನಡೆದಿದೆ. ಈಸ್ಟ್ ಇಂಡಿಯಾ ಕಂಪನಿಯ ವೀಕ್ಷಣಾಲಯದ ನಿರ್ದೇಶಕರಾಗಿದ್ದ ವಿಲಿಯಂ ಸ್ಟೀಫನ್ ಜೇಕಬ್ ಅವರು 1855ರಲ್ಲಿ, ಉರಗಧರ ಪುಂಜದ 70 ಒಫಿಯೂಕೈ ಎಂಬ ಯಮಳ ತಾರೆಯ ಚಲನೆ ಗಣಿತಕ್ಕೆ ಹೊಂದದಿರುವುದನ್ನು ಗಮನಿಸಿ, ಅದಕ್ಕೆ ಅಗೋಚರ ಗ್ರಹವೊಂದು ಕಾರಣವಿರಬಹುದೆಂದು ಸೂಚಿಸಿದರು. 1890ರ ದಶಕದಲ್ಲಿ ಅಮೆರಿಕದ ಟಿ. ಜೆ. ಜೆ. ಸೀ ಈ ವಾದವನ್ನು ಮುಂದುವರಿಸಿದರು. ಅವರು ಹೇಳಿದ ಮೂರನೆಯ ಕಾಯದ ಕಕ್ಷೆ ಸ್ಥಿರವಾಗಿ ಉಳಿಯಲಾರದೆಂದು 1899ರಲ್ಲಿ ಫಾರೆಸ್ಟ್ ಮೌಲ್ಟನ್ ತೋರಿಸಿದರು. ಆ ಗ್ರಹ ಇಂದಿಗೂ ದೊರೆತಿಲ್ಲ.

ಈ ತಾರೆಗಳ ಪರಿಭ್ರಮಣಕ್ಕೆ ಸುಮಾರು 88 ವರ್ಷ ಬೇಕು. ವಿಲಿಯಂ ಹರ್ಷೆಲ್ ಇದನ್ನು ಯಮಳವೆಂದು ಗುರುತಿಸಿದ್ದು 1779ರಲ್ಲಿ. ಎಂದರೆ, ಜೇಕಬ್ ಅವರ ಕಾಲಕ್ಕೆ ಒಂದು ಸುತ್ತೂ ಮುಗಿದಿರಲಿಲ್ಲ. ಸಂಗಾತಿಯ ಕಕ್ಷೆ ನಿಖರವಾಗಿ ತಿಳಿಯದಿದ್ದಾಗ, ಅಳತೆಯ ಸಣ್ಣ ದೋಷವೂ ಗ್ರಹದ ಸೆಳೆತದಂತೆ ತೋರಬಲ್ಲದು.

ಇದಕ್ಕೆ ವಿರುದ್ಧವಾದ ನಿದರ್ಶನ ಯುಧಿಷ್ಠಿರ ಪುಂಜದ ಗಾಮಾ ಸಿಫಿಯೈ. ಸಂಗಾತಿಯಿಂದುಂಟಾಗುವ ನಿಧಾನವಾದ ವೇಗವ್ಯತ್ಯಾಸದ ಮೇಲೆ ಕಿರಿದಾದ ತೂಗಾಟವೊಂದಿರುವುದನ್ನು 1988ರಲ್ಲಿ ಕ್ಯಾಂಪ್‌ಬೆಲ್, ವಾಕರ್ ಮತ್ತು ಯಾಂಗ್ ವರದಿ ಮಾಡಿದರು. 1992ರಲ್ಲಿ ಅದನ್ನು ನಕ್ಷತ್ರದ ಸ್ವಂತ ಚಟುವಟಿಕೆಯೆಂದು ಭಾವಿಸಲಾಯಿತು. ಅದು ಸುಮಾರು ಎರಡೂವರೆ ವರ್ಷಕ್ಕೊಮ್ಮೆ ಸುತ್ತುವ ಗ್ರಹವೇ ಎಂದು 2003ರಲ್ಲಿ ಆರ್ಟೀ ಹಾಟ್ಜೆಸ್ ಮತ್ತು ಸಹಸಂಶೋಧಕರು ದೃಢಪಡಿಸಿದರು.

ಒಂದೆಡೆ ಇಲ್ಲದ ಗ್ರಹ ಇದೆಯೆನಿಸಿತು. ಇನ್ನೊಂದೆಡೆ ಇದ್ದ ಗ್ರಹ ಸಂದೇಹಕ್ಕೊಳಗಾಯಿತು. ಯಮಳ ತಾರೆಗಳಲ್ಲಿ ಗ್ರಹವನ್ನು ಅರಸುವವರು ಮೊದಲು ಸಂಗಾತಿಯನ್ನು ಅರಿಯಬೇಕೆಂಬುದೇ ಈ ಎರಡು ಪ್ರಸಂಗಗಳ ಪಾಠ.